ಲೀಗ್ ಮುಳುಗಿದ ಮೇಲೂ ಹೆಸರು ಬಿಡದವರು

(ಫುಟ್‌ಬಾಲ್ ಪ್ರಿಯರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಸ್ನೇಹಿತರೇ, ನಮಸ್ಕಾರ.

ಅಮೆರಿಕದ ವೃತ್ತಿಪರ ಫುಟ್‌ಬಾಲಿನ ಹಳೆಯ ಕಥೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಇಷ್ಟು: ಪೆಲೆ ನ್ಯೂಯಾರ್ಕಿಗೆ ಹೋದರು, ಹಣದ ಹೊಳೆ ಹರಿಯಿತು, ಕೆಲವು ವರ್ಷಗಳಲ್ಲಿ ಲೀಗೇ ಮುಚ್ಚಿಹೋಯಿತು. ಇದರಲ್ಲಿ ಸುಳ್ಳೇನಿಲ್ಲ. ಆದರೆ ಇದು ಹಣ ಹಾಕಿದವರ ಕಡೆಯಿಂದ ನೋಡಿದ ಕಥೆ. ಟಿಕೆಟ್ ಕೊಂಡು ಮೈದಾನಕ್ಕೆ ಹೋದವರನ್ನು ಕೇಳಿದರೆ ಬೇರೆಯೇ ಕಥೆ ಹೊರಬರುತ್ತದೆ. ಪೋರ್ಟ್‌ಲ್ಯಾಂಡ್, ಸಿಯಾಟಲ್, ಸ್ಯಾನ್ ಹೋಸೆ, ಟ್ಯಾಂಪಾ, ವ್ಯಾಂಕೂವರ್ ಊರುಗಳಲ್ಲಿ ಈಗ ಅರವತ್ತು ಎಪ್ಪತ್ತು ದಾಟಿದ ಎಷ್ಟೋ ಮಂದಿ ಆ ದಿನಗಳನ್ನು ಸೋಲು ಎಂದು ಕರೆಯುವುದೇ ಇಲ್ಲ. ಇವತ್ತು ನಾನು ಅವರ ಕಡೆಯಿಂದ ಮಾತಾಡಲು ಬಂದಿದ್ದೇನೆ, ಯಾಕೆಂದರೆ ನನ್ನ ಮಟ್ಟಿಗೆ ಅವರು ಹೇಳುವುದೇ ಸರಿ.

ಆರಂಭ ಎಂದರೆ ಯಾವಾಗ ಎನ್ನುವ ಪ್ರಶ್ನೆ ಮೊದಲು. 1894ರಲ್ಲೇ ಬೇಸ್‌ಬಾಲ್ ತಂಡಗಳ ಮಾಲೀಕರು ಒಂದು ವೃತ್ತಿಪರ ಲೀಗ್ ನಡೆಸಿದ್ದರು. ಅದು ಕೆಲವೇ ವಾರ ಉಳಿಯಿತು. 1921ರಲ್ಲಿ ಶುರುವಾದ ಅಮೆರಿಕನ್ ಸಾಕರ್ ಲೀಗ್ (ನಮ್ಮ ಫುಟ್‌ಬಾಲಿಗೆ ಅಲ್ಲಿ ಸಾಕರ್ ಎನ್ನುತ್ತಾರೆ) ನಿಜವಾಗಿಯೂ ದೊಡ್ಡದು. ಉಕ್ಕಿನ ಕಾರ್ಖಾನೆಯ ಬೆತ್ಲೆಹೆಮ್ ಸ್ಟೀಲ್ ತಂಡ, ಜವಳಿ ಗಿರಣಿಗಳ ಊರಿನ ಫಾಲ್ ರಿವರ್ ತಂಡ, ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದ ಆಟಗಾರರು. ಬೆತ್ಲೆಹೆಮ್‌ನ ಆರ್ಚಿ ಸ್ಟಾರ್ಕ್ 1924-25ರ ಒಂದೇ ಸೀಸನ್ನಿನಲ್ಲಿ 67 ಲೀಗ್ ಗೋಲು ಹೊಡೆದರು. ಆಡಳಿತಗಾರರ ಜಗಳ ಮತ್ತು ಆರ್ಥಿಕ ಕುಸಿತ ಸೇರಿ 1930ರ ದಶಕದ ಮೊದಲಲ್ಲೇ ಅದನ್ನು ಮುಗಿಸಿದವು. ಆ ಆಟ ಕಂಡವರು ಇಂದು ನೆನಪು ಹೇಳಲು ಇಲ್ಲ. ಆದ್ದರಿಂದ ಇವತ್ತಿನ ಮಾತು 1967ರಿಂದ ಈಚೆಗೆ.

1966ರ ವಿಶ್ವಕಪ್ ಫೈನಲ್ ಅಮೆರಿಕದ ಟೀವಿಯಲ್ಲಿ ಬಂತು. ನೋಡಿದ ಹಣವಂತರಿಗೆ ಇಲ್ಲೊಂದು ವ್ಯಾಪಾರ ಇದೆ ಅನಿಸಿತು. ಒಂದು ಲೀಗ್ ಅಲ್ಲ, ಮರುವರ್ಷವೇ ಎರಡು ಲೀಗ್ ಹುಟ್ಟಿದವು. ಒಂದಕ್ಕೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಮಾನ್ಯತೆ ಇತ್ತು, ಆಟಗಾರರಿರಲಿಲ್ಲ. ಇನ್ನೊಂದಕ್ಕೆ ಮಾನ್ಯತೆ ಇರಲಿಲ್ಲ, ಆದರೆ ಸಿಬಿಎಸ್ ಟೀವಿಯ ಒಪ್ಪಂದ ಇತ್ತು. ಮಾನ್ಯತೆ ಇದ್ದವರು ಹೊರದೇಶದ ತಂಡಗಳನ್ನು ಇಡಿಯಾಗಿ ಕರೆಸಿ ಹೊಸ ಹೆಸರು ಇಟ್ಟರು. ಇಂಗ್ಲೆಂಡಿನ ವೂಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಬೇಸಿಗೆಯ ಮಟ್ಟಿಗೆ ಲಾಸ್ ಏಂಜಲೀಸ್ ವೂಲ್ವ್ಸ್ ಆಯಿತು. ಸ್ಟೋಕ್ ಸಿಟಿ ಕ್ಲೀವ್‌ಲ್ಯಾಂಡ್ ಆಯಿತು. ಇಟಲಿಯ ಕಾಲ್ಯಾರಿ ಷಿಕಾಗೊ ಆಯಿತು. ಸ್ಕಾಟ್ಲೆಂಡಿನ ಅಬರ್ಡೀನ್ ವಾಷಿಂಗ್ಟನ್ ವಿಪ್ಸ್ ಆಯಿತು. ಜುಲೈ 14ರಂದು ಲಾಸ್ ಏಂಜಲೀಸಿನಲ್ಲಿ ನಡೆದ ಫೈನಲ್‌ನಲ್ಲಿ ವೂಲ್ವ್ಸ್ ತಂಡ ವಿಪ್ಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 6-5ರಿಂದ ಸೋಲಿಸಿತು. ಹನ್ನೊಂದು ಗೋಲಿನ ಫೈನಲ್! ಆ ರಾತ್ರಿ ಅಲ್ಲಿದ್ದವರು ಅದನ್ನು ಹೇಗೆ ಮರೆತಾರು?

ಟೀವಿ ಇದ್ದ ಲೀಗಿನ ಪಾಡು ಬೇರೆ. ಫುಟ್‌ಬಾಲ್ ನಿಲ್ಲದೆ ಹರಿಯುವ ಆಟ, ಜಾಹೀರಾತಿಗೆ ಜಾಗ ಎಲ್ಲಿ? ಒಬ್ಬ ರೆಫರಿ ಬಾಯಿಬಿಟ್ಟರು: ಆ ಪಂದ್ಯದಲ್ಲಿ ತಾನು ಕೊಟ್ಟ 21 ಫೌಲ್‌ಗಳಲ್ಲಿ 11 ಜಾಹೀರಾತು ತೋರಿಸಲು ಸಮಯ ಸಿಗಲೆಂದೇ ಕೊಟ್ಟದ್ದು. ಆಟ ಗೊತ್ತಿದ್ದ ಪ್ರೇಕ್ಷಕನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಇಟಲಿ, ಪೋಲೆಂಡ್, ಪೋರ್ಚುಗಲ್, ಐರ್ಲೆಂಡ್‌ಗಳಿಂದ ಬಂದು ನೆಲೆಸಿದ್ದ, ಭಾನುವಾರ ಭಾನುವಾರ ತಮ್ಮ ಓಣಿಯ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಜನಕ್ಕೆ ಸುಳ್ಳು ಶಿಳ್ಳೆ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಎರಡೂ ಲೀಗ್ ಸೇರಿ 1968ರಲ್ಲಿ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಆಯಿತು. ತಂಡಗಳು 17. ಮರುವರ್ಷ ಉಳಿದದ್ದು ಐದು. ಪೆಲೆ ಹೆಸರು ಇನ್ನೂ ಯಾರ ಬಾಯಲ್ಲೂ ಇರಲಿಲ್ಲ, ಲೀಗ್ ಆಗಲೇ ಒಮ್ಮೆ ಸತ್ತು ಬದುಕಿತ್ತು. ಅದನ್ನು ಬದುಕಿಸಿದವರು ಫಿಲ್ ವೂಸ್ನಮ್ ಎಂಬ ವೇಲ್ಸ್ ದೇಶದ ಮಾಜಿ ಆಟಗಾರ ಮತ್ತು ಅವರ ಜೊತೆಗಿದ್ದ ಇಂಗ್ಲಿಷ್ ಪತ್ರಕರ್ತ ಕ್ಲೈವ್ ಟಾಯ್. ವೂಸ್ನಮ್ ಅಟ್ಲಾಂಟಾ ಚೀಫ್ಸ್ ತಂಡದ ತರಬೇತುದಾರರಾಗಿದ್ದಾಗ 1968ರಲ್ಲಿ, ಅದೇ ವರ್ಷ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ಮ್ಯಾಂಚೆಸ್ಟರ್ ಸಿಟಿಯನ್ನು 3-2ರಿಂದ ಸೋಲಿಸಿದರು. ಆಕಸ್ಮಿಕ ಎಂದವರ ಬಾಯಿ ಮುಚ್ಚಿಸಲು ಎರಡನೇ ಪಂದ್ಯ ಇಟ್ಟು ಅದನ್ನೂ 2-1ರಿಂದ ಗೆದ್ದರು. ಅಮೆರಿಕದ ದಕ್ಷಿಣದಲ್ಲಿ ಬೇಸ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಬಿಟ್ಟರೆ ಬೇರೆ ಆಟ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಇದು ನಡೆಯಿತು.

ಆ ಬಡತನದ ದಿನಗಳ ಒಂದು ಪಂದ್ಯ ಹೇಳದೆ ಮುಂದೆ ಹೋಗಲಾರೆ. 1971ರ ಸೆಪ್ಟೆಂಬರ್ 1, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್. ರಾಚೆಸ್ಟರ್ ಲ್ಯಾನ್ಸರ್ಸ್ ಮತ್ತು ಡಲ್ಲಾಸ್ ಟೊರ್ನೇಡೊ ನಡುವೆ ಸೆಮಿಫೈನಲ್ ಸರಣಿಯ ಒಂದು ಪಂದ್ಯ. 90 ನಿಮಿಷಕ್ಕೆ 1-1. ಮೊದಲ ಗೋಲು ಬೀಳುವವರೆಗೆ ಹದಿನೈದು ಹದಿನೈದು ನಿಮಿಷದ ಹೆಚ್ಚುವರಿ ಅವಧಿಗಳು. ಒಂದು ಮುಗಿಯಿತು, ಎರಡು, ಮೂರು, ನಾಲ್ಕು, ಐದು. ಆರನೆಯ ಅವಧಿಯಲ್ಲಿ, ಆಟದ 176ನೇ ನಿಮಿಷದಲ್ಲಿ, ಕಾರ್ಲೋಸ್ ಮೆಟಿಡಿಯೆರಿ ಗೋಲು ಹೊಡೆದರು. ಒಂದು ಪಂದ್ಯಕ್ಕೆ ಬಂದವರು ಹೆಚ್ಚುಕಡಿಮೆ ಎರಡು ಪಂದ್ಯ ನೋಡಿ ಮನೆಗೆ ಹೋದರು. ವಿಚಿತ್ರ ಏನೆಂದರೆ ಆ ಸರಣಿಯನ್ನೂ ಆ ವರ್ಷದ ಪ್ರಶಸ್ತಿಯನ್ನೂ ಕೊನೆಗೆ ಗೆದ್ದದ್ದು ಡಲ್ಲಾಸ್. ಆದರೂ ರಾಚೆಸ್ಟರಿನ ಹಳಬರು ಮೊದಲು ಹೇಳುವುದು ಆ ರಾತ್ರಿಯ ಮಾತನ್ನೇ.

ಈಗ ಪೋರ್ಟ್‌ಲ್ಯಾಂಡ್. ಅಮೆರಿಕದ ವಾಯವ್ಯ ಮೂಲೆಯ ಮರದ ವ್ಯಾಪಾರದ ಊರು. 1975ರಲ್ಲಿ ಅವಸರದಲ್ಲಿ ತಂಡ ಕಟ್ಟಿ ಟಿಂಬರ್ಸ್ ಎಂದು ಹೆಸರಿಟ್ಟರು. ಆಟಗಾರರಲ್ಲಿ ಬಹುಪಾಲು ಇಂಗ್ಲೆಂಡಿನ ಕ್ಲಬ್ಬುಗಳಿಂದ ಬೇಸಿಗೆಗೆ ಬಂದ ಹುಡುಗರು. ಮೇ ತಿಂಗಳ ಮೊದಲ ಪಂದ್ಯಕ್ಕೆ ಬಂದ ಜನ ಎಂಟು ಸಾವಿರದಷ್ಟು, ಅದೂ ಸಿಯಾಟಲ್ ಎದುರು ಸೋಲು. ಆಮೇಲೆ ಗೆಲ್ಲತೊಡಗಿದರು. ಒಬ್ಬರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರನ್ನು ಕರೆತಂದು, ಆಗಸ್ಟ್ ಹೊತ್ತಿಗೆ ನಾಕೌಟ್ ಪಂದ್ಯಕ್ಕೆ ಮೂವತ್ತು ಸಾವಿರ ದಾಟಿತು. ಅದೇ ಸಿಯಾಟಲ್ ಎದುರು ಹೆಚ್ಚುವರಿ ಸಮಯದಲ್ಲಿ ಟೋನಿ ಬೆಟ್ಸ್ ತಲೆಯಿಂದ ಹೊಡೆದ ಗೋಲಿಗೆ ಜನ ಬೇಲಿ ಲೆಕ್ಕಿಸದೆ ಅಂಗಳಕ್ಕೆ ನುಗ್ಗಿದರು. ಬೆಟ್ಸ್ ಜೊತೆ ಮುಂಚೂಣಿಯಲ್ಲಿ ಆಡುತ್ತಿದ್ದ ಪೀಟರ್ ವಿತ್ ಎಂಬ ಎತ್ತರದ ಹುಡುಗ ಮುಂದಿನ ಪಂದ್ಯದಲ್ಲಿ ಸೇಂಟ್ ಲೂಯಿಸ್ ಎದುರು ಗೆಲುವಿನ ಗೋಲು ಹೊಡೆದು ತಂಡವನ್ನು ಫೈನಲಿಗೆ ಒಯ್ದ. ಫೈನಲ್‌ನಲ್ಲಿ ಟ್ಯಾಂಪಾ ಬೇ ರೌಡೀಸ್ 2-0ರಿಂದ ಗೆದ್ದಿತು, ಆ ಮಾತು ಬೇರೆ. ಅದೇ ಪೀಟರ್ ವಿತ್ 1982ರಲ್ಲಿ ಆಸ್ಟನ್ ವಿಲ್ಲಾಗೆ ಆಡುತ್ತಾ ಬಯರ್ನ್ ಮ್ಯೂನಿಕ್ ಎದುರು ಯುರೋಪಿಯನ್ ಕಪ್ ಫೈನಲಿನ ಏಕೈಕ ಗೋಲು ಹೊಡೆದರು. ಪೋರ್ಟ್‌ಲ್ಯಾಂಡಿನವರಿಗೆ ಅದು ತಮ್ಮ ಮನೆಯ ಹುಡುಗನ ಗೋಲು.

1978ರಲ್ಲಿ ಅಲ್ಲಿಗೆ ಮರ ಕಡಿಯುವ ಗರಗಸ ಹೊತ್ತು ಒಬ್ಬ ಅಭಿಮಾನಿ ಬಂದರು. ಜಿಮ್ ಸೆರಿಲ್. ಊರೆಲ್ಲ ಅವರನ್ನು ಟಿಂಬರ್ ಜಿಮ್ ಎಂದು ಕರೆಯಿತು. ಗೋಲು ಬಿದ್ದಾಗ ಮೋಟಾರು ಗರಗಸ ಗುಡುಗಿಸಿ ದಿಮ್ಮಿಯಿಂದ ಒಂದು ಬಿಲ್ಲೆ ಕೊಯ್ಯುವುದು ಅವರ ಪದ್ಧತಿ. ಈಗಲೂ ಆ ಮೈದಾನದಲ್ಲಿ ಪ್ರತಿ ಗೋಲಿಗೂ ದಿಮ್ಮಿ ಕೊಯ್ಯುತ್ತಾರೆ, ಕೊಯ್ಯುವವರು ಬೇರೆ. ಇಲ್ಲಿ ಒಂದು ಸೂಕ್ಷ್ಮ ನೋಡಿ. ಪೋರ್ಟ್‌ಲ್ಯಾಂಡ್ ಜನ ಇಂಗ್ಲೆಂಡಿನ ಲಿವರ್‌ಪೂಲ್ ಅಭಿಮಾನಿಗಳನ್ನು ಅನುಕರಿಸಲಿಲ್ಲ. ತಮ್ಮ ಊರಿನ ಕಸುಬನ್ನು ಗ್ಯಾಲರಿಗೆ ತಂದರು. ಸ್ಯಾನ್ ಹೋಸೆಯಲ್ಲಿ ಕ್ರೇಜಿ ಜಾರ್ಜ್ ಎಂಬಾತ ಡೋಲು ಬಡಿಯುತ್ತಾ ಗ್ಯಾಲರಿಯ ಒಂದು ಬದಿಯನ್ನು ಇನ್ನೊಂದು ಬದಿಯ ಮೇಲೆ ಕೂಗಿಗೆ ಎಬ್ಬಿಸುತ್ತಿದ್ದ. ಮಿನೆಸೋಟದಲ್ಲಿ ಪಂದ್ಯಕ್ಕೆ ಗಂಟೆಗಟ್ಟಲೆ ಮುಂಚೆಯೇ ಯುವಕರು ಕಾರು ನಿಲ್ಲಿಸುವ ಜಾಗದಲ್ಲಿ ಒಲೆ ಹೂಡಿ, ಮಾಂಸ ಸುಟ್ಟು, ಅಲ್ಲೇ ಅರ್ಧ ದಿನ ಕಳೆಯುತ್ತಿದ್ದರು. ಇದೆಲ್ಲ ಯಾವ ಕಂಪನಿಯೂ ಮೇಲಿನಿಂದ ಹೇಳಿ ಮಾಡಿಸಿದ್ದಲ್ಲ.

ಪೆಲೆ ಬಂದದ್ದು 1975ರ ಜೂನ್‌ನಲ್ಲಿ. ಸಿನಿಮಾ, ಸಂಗೀತದ ಕಂಪನಿ ವಾರ್ನರ್ ಕಮ್ಯುನಿಕೇಶನ್ಸ್‌ನ ಸ್ಟೀವ್ ರಾಸ್ ನ್ಯೂಯಾರ್ಕಿನ ಕಾಸ್ಮಾಸ್ ತಂಡಕ್ಕೆ ಹಣ ಹಾಕಿದ್ದರು. ಕ್ಲೈವ್ ಟಾಯ್ ವರ್ಷಗಳ ಕಾಲ ಬೆನ್ನುಹತ್ತಿ ಒಪ್ಪಿಸಿದ್ದರು. ಜೂನ್ 15ರಂದು ಮೊದಲ ಪಂದ್ಯ, ನ್ಯೂಯಾರ್ಕಿನ ರ‍್ಯಾಂಡಲ್ಸ್ ದ್ವೀಪದ ಡೌನಿಂಗ್ ಮೈದಾನದಲ್ಲಿ. ಆ ಅಂಗಳದಲ್ಲಿ ಹುಲ್ಲಿಗಿಂತ ಬರಿ ಮಣ್ಣೇ ಹೆಚ್ಚು. ಟೀವಿಯಲ್ಲಿ ಚೆನ್ನಾಗಿ ಕಾಣಲೆಂದು ಬೋಳು ಜಾಗಕ್ಕೆ ಹಸಿರು ಬಣ್ಣ ಬಳಿದಿದ್ದರು. ಪಂದ್ಯ 2-2, ಸಮಬಲದ ಗೋಲು ಪೆಲೆಯದ್ದೇ, ತಲೆಯಿಂದ. ಬೂಟು ಕಳಚಿದಾಗ ಕಾಲು ಹಸಿರಾಗಿದ್ದು ಕಂಡು ಪೆಲೆ ಗಾಬರಿಯಾದರು, ಇಲ್ಲೇನೋ ಚರ್ಮದ ಸೋಂಕು ತಗುಲಿತು ಎಂದುಕೊಂಡರು. ಅದು ಬರೀ ಬಣ್ಣ.

ಎರಡು ವರ್ಷಕ್ಕೆ ಚಿತ್ರವೇ ಬದಲಾಯಿತು. ಲಾಜಿಯೊದಿಂದ ಕಿನಾಲ್ಯಾ, ಬಯರ್ನ್‌ನಿಂದ ಬೆಕನ್‌ಬಾವರ್, ಬ್ರೆಜಿಲ್‌ನಿಂದ ಕಾರ್ಲೋಸ್ ಆಲ್ಬರ್ಟೊ. 1977ರ ಆಗಸ್ಟ್ 14ರಂದು ಪಕ್ಕದ ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಮ್‌ನಲ್ಲಿ ಕಾಸ್ಮಾಸ್ ಆಟ ನೋಡಲು 77,691 ಜನ ಬಂದರು. ಫೋರ್ಟ್ ಲಾಡರ್‌ಡೇಲ್ ಎದುರು 8-3. ನ್ಯೂಜೆರ್ಸಿಯ ಮನೆಮಂದಿಯೆಲ್ಲ ಹೊರಟು ಹೋಗುವ ಜಾಗವಾಗಿತ್ತು ಅದು.

ಆ ವರ್ಷದ ಫೈನಲ್ ಪೋರ್ಟ್‌ಲ್ಯಾಂಡಿನಲ್ಲಿ, ಆಗಸ್ಟ್ 28, ಕಾಸ್ಮಾಸ್ ಎದುರು ಸಿಯಾಟಲ್ ಸೌಂಡರ್ಸ್. ಅದರ ಮೊದಲ ಗೋಲನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಿಯಾಟಲ್ ಗೋಲ್‌ಕೀಪರ್ ಟೋನಿ ಚರ್ಸ್ಕಿ ಚೆಂಡು ಹಿಡಿದು, ಅಪಾಯ ಕಳೆಯಿತು ಎಂದು ಅದನ್ನು ನೆಲಕ್ಕೆ ಉರುಳಿಸಿದರು. ಕಾಸ್ಮಾಸ್‌ನ 21 ವರ್ಷದ ಇಂಗ್ಲಿಷ್ ಹುಡುಗ ಸ್ಟೀವ್ ಹಂಟ್ ಎಲ್ಲರಂತೆ ಹಿಂದಕ್ಕೆ ಓಡಿರಲಿಲ್ಲ. ಗೋಲ್‌ಕೀಪರನ ಬೆನ್ನ ಹಿಂದೆ ಉಳಿದಿದ್ದ. ತಂಡದವರು ಕೂಗಿದ್ದು ಜನರ ಗದ್ದಲದಲ್ಲಿ ಚರ್ಸ್ಕಿಗೆ ಕೇಳಲಿಲ್ಲ. ಹಂಟ್ ಹಿಂದಿನಿಂದ ನುಗ್ಗಿ ಚೆಂಡು ಕಸಿದ, ಇಬ್ಬರೂ ತೊಡರುತ್ತಾ ಓಡಿದರು, ಚೆಂಡು ಗೋಲಿನೊಳಗೆ ಉರುಳಿತು. ಸಿಯಾಟಲ್ ಕೆಲವೇ ನಿಮಿಷದಲ್ಲಿ ಸಮ ಮಾಡಿತು. ಕೊನೆಯ ಭಾಗದಲ್ಲಿ ಹಂಟ್ ಎತ್ತಿಕೊಟ್ಟ ಚೆಂಡನ್ನು ಕಿನಾಲ್ಯಾ ತಲೆಯಿಂದ ಒಳಗೆ ಹಾಕಿ 2-1 ಮಾಡಿದರು. ಪೆಲೆಯ ಕೊನೆಯ ಪ್ರಶಸ್ತಿ ಅದು. ಮೈಮೇಲಿನ ಅಂಗಿಯನ್ನು ಪೆಲೆ ಕೊಟ್ಟದ್ದು ಎದುರಾಳಿ ತಂಡದ ಜಿಮ್ಮಿ ಮೆಕಾಲಿಸ್ಟರ್ ಎಂಬ ಸಿಯಾಟಲ್ ಊರಿನ ಹುಡುಗನಿಗೆ. ಸಿಯಾಟಲ್ ಅಭಿಮಾನಿಗಳ ನೆನಪಿನಲ್ಲಿ ಆ ಸೋಲಿನ ನೋವೂ ಆ ಅಂಗಿಯ ಹೆಮ್ಮೆಯೂ ಒಟ್ಟಿಗೇ ಇವೆ.

ಆಮೇಲೆ ಕಾಸ್ಮಾಸ್ ಏಷ್ಯಾ ಪ್ರವಾಸ ಹೊರಟಿತು, ನಮ್ಮ ದೇಶಕ್ಕೂ ಬಂತು. ಸೆಪ್ಟೆಂಬರ್ 24, ಕೋಲ್ಕತ್ತದ ಈಡನ್ ಗಾರ್ಡನ್ಸ್, ಮಳೆಯಲ್ಲಿ ನೆನೆದ ಅಂಗಳ, ಎದುರಿಗೆ ಮೋಹನ್ ಬಗಾನ್. ಪಿ.ಕೆ. ಬ್ಯಾನರ್ಜಿ ತರಬೇತಿಯ ತಂಡ ಶ್ಯಾಮ್ ಥಾಪಾ ಮತ್ತು ಹಬೀಬ್ ಗೋಲುಗಳಿಂದ 2-2 ಡ್ರಾ ಮಾಡಿಕೊಂಡಿತು. ಭಾರತದ ಎಷ್ಟೋ ಮನೆಗಳಲ್ಲಿ ಪೆಲೆಯನ್ನು ಕಣ್ಣಾರೆ ಕಂಡ ಕಥೆ ಎಂದರೆ ಆ ದಿನದ್ದೇ. ನಾವು ಅದನ್ನು ಪೆಲೆ ಬಂದ ದಿನ ಎಂದು ನೆನೆಯುತ್ತೇವೆ, ಆದರೆ ಬಂದದ್ದು ಅಮೆರಿಕದ ಲೀಗಿನ ಚಾಂಪಿಯನ್ ತಂಡ. ಅದಾಗಿ ಒಂದು ವಾರಕ್ಕೆ, ಅಕ್ಟೋಬರ್ 1ರಂದು, ಪೆಲೆ ಜೈಂಟ್ಸ್ ಸ್ಟೇಡಿಯಮ್‌ನಲ್ಲಿ ಒಂದು ಅರ್ಧ ಕಾಸ್ಮಾಸ್‌ಗೂ ಇನ್ನೊಂದು ಅರ್ಧ ತಮ್ಮ ಹಳೆಯ ಬ್ರೆಜಿಲ್ ಕ್ಲಬ್ ಸ್ಯಾಂಟೋಸ್‌ಗೂ ಆಡಿ ವಿದಾಯ ಹೇಳಿದರು.

ಆ ಲೀಗಿನ ನಿಯಮಗಳ ಬಗ್ಗೆ ಯುರೋಪಿನವರು ಇವತ್ತಿಗೂ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಪಂದ್ಯ ಸಮವಾದರೆ ಪೆನಾಲ್ಟಿ ಬದಲು ಶೂಟೌಟ್: ಆಟಗಾರ ಗೋಲಿನಿಂದ 35 ಗಜ ದೂರದಲ್ಲಿ ಚೆಂಡು ಇಟ್ಟುಕೊಂಡು ನಿಲ್ಲುತ್ತಾನೆ. ಶಿಳ್ಳೆಯಾದರೆ ಐದೇ ಸೆಕೆಂಡು. ಗೋಲ್‌ಕೀಪರ್ ಗೆರೆಗೆ ಅಂಟಿಕೊಂಡಿರಬೇಕಿಲ್ಲ, ಎದುರಿಗೆ ಓಡಿ ಬರಬಹುದು. ದೂರದಿಂದಲೇ ಅವನ ತಲೆ ಮೇಲೆ ಎತ್ತಿ ಹಾಕುವುದೋ, ಹತ್ತಿರ ಹೋಗಿ ತಪ್ಪಿಸುವುದೋ? ಗ್ಯಾಲರಿ ಪೂರ್ತಿ ಎದ್ದು ನಿಂತು ಗಟ್ಟಿಯಾಗಿ ಸೆಕೆಂಡು ಎಣಿಸುತ್ತಿತ್ತು. ಪೆನಾಲ್ಟಿಯಲ್ಲಿ ಇಲ್ಲದ ಫುಟ್‌ಬಾಲ್ ಇದರಲ್ಲಿ ಇದೆ. 1981ರ ಫೈನಲ್ ಟೊರಾಂಟೊದಲ್ಲಿ ಗೋಲಿಲ್ಲದೆ ಮುಗಿದಾಗ ಷಿಕಾಗೊ ಸ್ಟಿಂಗ್ ಕಾಸ್ಮಾಸನ್ನು ಸೋಲಿಸಿದ್ದು ಹೀಗೆಯೇ. ಷಿಕಾಗೊ ನಗರಕ್ಕೆ 1963ರ ನಂತರ ಸಿಕ್ಕ ಮೊದಲ ದೊಡ್ಡ ವೃತ್ತಿಪರ ಪ್ರಶಸ್ತಿ ಅದು, ಅದೂ ಫುಟ್‌ಬಾಲಿನಿಂದ.

ವ್ಯಾಂಕೂವರ್ ಕೆನಡಾದ ಊರು, ಲೀಗ್ ಮಾತ್ರ ಇದೇ. 1979ರ ಸೆಮಿಫೈನಲ್‌ನಲ್ಲಿ ಅಲ್ಲಿನ ವೈಟ್‌ಕ್ಯಾಪ್ಸ್ ತಂಡ ಜೈಂಟ್ಸ್ ಸ್ಟೇಡಿಯಮ್‌ನಲ್ಲಿ ಕಾಸ್ಮಾಸ್ ಎದುರು ಪಂದ್ಯ, ಹೆಚ್ಚುವರಿ ಸಮಯ, ಶೂಟೌಟ್, ಅದರ ಮೇಲೆ ಮತ್ತೊಂದು ಅರ್ಧ ಗಂಟೆಯ ಕಿರುಪಂದ್ಯ, ಮತ್ತೆ ಶೂಟೌಟ್ ಆಡಿ ಗೆದ್ದಿತು. ವ್ಯಾಂಕೂವರ್ ಊರೆಲ್ಲ ಟೀವಿ ಮುಂದೆ ಕೂತಿರಬೇಕು, ಬೀದಿಗಳು ಪಾಳುಬಿದ್ದ ಹಳ್ಳಿಯಂತಿರಬೇಕು ಎಂದು ಅಮೆರಿಕದ ಟೀವಿ ನಿರೂಪಕ ಜಿಮ್ ಮೆಕೇ ಹೇಳಿದರು. ಫೈನಲ್ ಗೆದ್ದು ಮನೆಗೆ ಬಂದಾಗ ಆ ಬೀದಿಗಳಲ್ಲಿ ಸೇರಿದವರು ಲಕ್ಷ ಮಂದಿ.

ಮುಳುಗಿದ್ದು ಯಾಕೆ? 1978ರಲ್ಲಿ ತಂಡಗಳನ್ನು ಒಮ್ಮೆಲೇ 24ಕ್ಕೆ ಏರಿಸಿದರು. ಕಾಸ್ಮಾಸ್ ಖರ್ಚು ಮಾಡಿದಷ್ಟು ತಾವೂ ಮಾಡಲು ಹೋಗಿ ಉಳಿದ ಮಾಲೀಕರು ಬರಿದಾದರು. ಎಬಿಸಿ ಟೀವಿ ಎರಡು ವರ್ಷ ತೋರಿಸಿ ನೋಡುಗರು ಸಾಲದೆಂದು ಕೈಬಿಟ್ಟಿತು. 1986ರ ವಿಶ್ವಕಪ್ ಅಮೆರಿಕಕ್ಕೆ ಸಿಗುತ್ತದೆ ಎಂದು ಕಾದರು, ಫಿಫಾ 1983ರಲ್ಲಿ ಮೆಕ್ಸಿಕೊಗೆ ಕೊಟ್ಟಿತು. ಅದೇ ಹೊತ್ತಿಗೆ ವಾರ್ನರ್ ಕಂಪನಿಯ ಅಟಾರಿ ವಿಡಿಯೊ ಗೇಮ್ ವ್ಯಾಪಾರ ನೆಲಕಚ್ಚಿತು. 1984ರಲ್ಲಿ ಉಳಿದದ್ದು ಒಂಬತ್ತು ತಂಡ, 1985ರ ಮಾರ್ಚ್‌ನಲ್ಲಿ ಬಾಗಿಲು.

ಆದರೆ ಅಭಿಮಾನಿಗಳು ಹೇಳುವ ದೂರು ಈ ಪಟ್ಟಿಯಲ್ಲಿ ಇಲ್ಲ. ಅವರ ಹೊಟ್ಟೆ ಉರಿಸಿದ್ದು ತಂಡಗಳ ಎತ್ತಂಗಡಿ. ಬಾಲ್ಟಿಮೋರ್ ಕಾಮೆಟ್ಸ್ 1976ರಲ್ಲಿ ಸ್ಯಾನ್ ಡಿಯಾಗೊ ಜಾಸ್ ಆಯಿತು, 1977ರಲ್ಲಿ ಲಾಸ್ ವೇಗಸ್ ಕ್ವಿಕ್‌ಸಿಲ್ವರ್ಸ್, 1978ರಲ್ಲಿ ತಿರುಗಿ ಬಂದು ಸ್ಯಾನ್ ಡಿಯಾಗೊ ಸಾಕರ್ಸ್. ಸ್ಯಾನ್ ಆಂಟೋನಿಯೊ ಥಂಡರ್ ಎದ್ದು ಟೀಮ್ ಹವಾಯಿ ಆಗಿ, ಅಲ್ಲಿಂದ ಎದ್ದು ಓಕ್ಲಹೋಮಾದ ಟಲ್ಸಾ ರಫ್‌ನೆಕ್ಸ್ ಆಯಿತು. ಮಗನಿಗೆ ತಂಡದ ಅಂಗಿ ಕೊಡಿಸಿದ ಅಪ್ಪ ಮರುವರ್ಷ ಆ ಹುಡುಗನಿಗೆ ಏನು ಹೇಳಬೇಕು? ಟಲ್ಸಾದಲ್ಲಿ ಬೇರುಬಿಟ್ಟ ಮೇಲೆ ಆ ತಂಡ, ತನಗಿಂತ ಎಷ್ಟೋ ಪಾಲು ಶ್ರೀಮಂತರ ನಡುವೆ, 1983ರ ಚಾಂಪಿಯನ್ ಆಯಿತು. ಒಂದೇ ಜಾಗದಲ್ಲಿ ಬಿಟ್ಟಿದ್ದರೆ ಇನ್ನೆಷ್ಟು ಊರುಗಳು ಹೀಗೆ ಬೆಳೆಯುತ್ತಿದ್ದವೋ.

ಲೀಗ್ ಮುಚ್ಚಿದ ಮೇಲೆ ದಾಖಲೆ ಕಾಯುವವರು ಯಾರೂ ಇರಲಿಲ್ಲ. ಕಚೇರಿಗಳೇ ಇಲ್ಲವಾದವು. ಯಾವ ಪಂದ್ಯದಲ್ಲಿ ಯಾರು ಗೋಲು ಹೊಡೆದರು, ಯಾರು ಪಾಸ್ ಕೊಟ್ಟರು, ಎಷ್ಟು ಜನ ಬಂದಿದ್ದರು ಎನ್ನುವುದನ್ನು ಹಳೆಯ ಪತ್ರಿಕೆಗಳಿಂದ ಒಂದೊಂದಾಗಿ ಹೆಕ್ಕಿದವರು ಕೆನಡಾದ ಕಾಲಿನ್ ಹೋಸೆ ಅಂಥ ಇತಿಹಾಸಪ್ರೇಮಿಗಳು. 1993ರಲ್ಲಿ ಅಮೆರಿಕದ ಫುಟ್‌ಬಾಲ್ ಇತಿಹಾಸಕ್ಕೆಂದೇ ಒಂದು ಸಂಘ ಹುಟ್ಟಿತು. ಮೈದಾನದಲ್ಲಿ ಮಾರುತ್ತಿದ್ದ 'ಕಿಕ್' ಎಂಬ ಪಂದ್ಯಪತ್ರಿಕೆ, ಟಿಕೆಟಿನ ಹರಿದ ಅರ್ಧ, ಟೀವಿಯಿಂದ ಮಾಡಿಕೊಂಡ ಟೇಪು, ಇವು ಮನೆಗಳ ಅಟ್ಟದಲ್ಲಿ ಉಳಿದವು. ಒನಿಯಾಂಟಾ ಊರಿನಲ್ಲಿದ್ದ ರಾಷ್ಟ್ರೀಯ ಫುಟ್‌ಬಾಲ್ ಸಂಗ್ರಹಾಲಯ 2010ರಲ್ಲಿ ಮುಚ್ಚಿ, ಟೆಕ್ಸಸ್‌ನ ಫ್ರಿಸ್ಕೊದಲ್ಲಿ ಮತ್ತೆ ತೆರೆಯಲು 2018 ಆಯಿತು. ನಡುವಿನ ವರ್ಷಗಳಲ್ಲಿ ಈ ಚರಿತ್ರೆಗೆ ಆಧಾರವಾಗಿದ್ದು ಅಂಥ ಅಟ್ಟಗಳೇ.

ಆಟಗಾರರೂ ಉಳಿದರು. ಲಂಡನ್ನಿನ ಕ್ಲೈವ್ ಚಾರ್ಲ್ಸ್ 1978ರಲ್ಲಿ ಟಿಂಬರ್ಸ್‌ಗೆ ಆಡಲು ಬಂದು ಪೋರ್ಟ್‌ಲ್ಯಾಂಡನ್ನೇ ಊರು ಮಾಡಿಕೊಂಡರು. ಶಾಲೆಯ ಹುಡುಗರಿಗೆ ಕಲಿಸಿದರು, ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಡುಗರ ಹುಡುಗಿಯರ ತಂಡ ಎರಡನ್ನೂ ಬೆಳೆಸಿದರು, 2000ದ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡವನ್ನು ನಾಲ್ಕನೇ ಸ್ಥಾನಕ್ಕೆ ಒಯ್ದರು. 2002ರಲ್ಲಿ ಅವರ ಹುಡುಗಿಯರು ರಾಷ್ಟ್ರೀಯ ವಿಶ್ವವಿದ್ಯಾಲಯ ಪ್ರಶಸ್ತಿ ಗೆದ್ದರು. ಮರುವರ್ಷ ಅವರು ತೀರಿಕೊಂಡರು. ನ್ಯೂಜೆರ್ಸಿಯ ಟ್ಯಾಬ್ ರಾಮೋಸ್‌ನನ್ನು 1984ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ, ಕಾಸ್ಮಾಸ್ ಆರಿಸಿತ್ತು. ಆಡುವ ಮೊದಲೇ ಲೀಗ್ ಹೋಯಿತು. ಹತ್ತು ವರ್ಷದ ಮೇಲೆ ಮೇಜರ್ ಲೀಗ್ ಸಾಕರ್ ಹುಟ್ಟುವಾಗ ಅದಕ್ಕೆ ಸಹಿ ಹಾಕಿದ ಮೊದಲ ಆಟಗಾರ ಅದೇ ರಾಮೋಸ್.

ಆ ಹೊಸ ಲೀಗ್ 1996ರಲ್ಲಿ ಬಂದಾಗ ಹಳೆಯದರ ಸೋಂಕೇ ಬೇಡ ಎಂಬಂತೆ ನಡೆದುಕೊಂಡಿತು. ಸ್ಯಾನ್ ಹೋಸೆ ತಂಡಕ್ಕೆ ಕ್ಲ್ಯಾಶ್ ಎಂದು ಹೆಸರಿಟ್ಟರು. ಊರಿನವರಿಗೆ ಅದು ಒಗ್ಗಲಿಲ್ಲ; 2000ದ ಸೀಸನ್ ಹೊತ್ತಿಗೆ ಅರ್ತ್‌ಕ್ವೇಕ್ಸ್ ಎಂಬ ಹಳೆಯ ಹೆಸರೇ ಮರಳಿತು. ಟ್ಯಾಂಪಾದಲ್ಲಿ ಇನ್ನೊಂದು ಲೀಗಿನ ತಂಡ ಎಫ್‌ಸಿ ಟ್ಯಾಂಪಾ ಬೇ ಎಂದು ಆಡತೊಡಗಿ, ಕೊನೆಗೆ ರೌಡೀಸ್ ಹೆಸರು ಪಡೆದುಕೊಂಡಿತು. ಪೋರ್ಟ್‌ಲ್ಯಾಂಡ್ ಮತ್ತು ವ್ಯಾಂಕೂವರ್ 2011ರಲ್ಲಿ ಟಿಂಬರ್ಸ್, ವೈಟ್‌ಕ್ಯಾಪ್ಸ್ ಆಗಿಯೇ ದೊಡ್ಡ ಲೀಗಿಗೆ ಬಂದವು.

ಸಿಯಾಟಲ್‌ನದ್ದು ಎಲ್ಲಕ್ಕಿಂತ ಗಟ್ಟಿ ಉದಾಹರಣೆ. 2008ರಲ್ಲಿ ಹೊಸ ತಂಡದ ಹೆಸರಿಗೆ ಮತ ಕೇಳಿದರು. ಆಯ್ಕೆ ಮೂರು: ಸಿಯಾಟಲ್ ಎಫ್‌ಸಿ, ಸಿಯಾಟಲ್ ರಿಪಬ್ಲಿಕ್, ಸಿಯಾಟಲ್ ಅಲಯನ್ಸ್. ಸೌಂಡರ್ಸ್ ಪಟ್ಟಿಯಲ್ಲೇ ಇಲ್ಲ. ಊರು ಸಿಡಿದೆದ್ದಿತು. ಆಡಳಿತದವರು ಪಟ್ಟಿಯ ಕೆಳಗೆ, ನಿಮಗೆ ಬೇಕಾದ ಹೆಸರು ಬರೆಯಿರಿ ಎಂದು ಒಂದು ಖಾಲಿ ಜಾಗ ಕೊಡಬೇಕಾಯಿತು. ಬಂದ ಮತಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ಖಾಲಿ ಜಾಗದಲ್ಲಿ ಸೌಂಡರ್ಸ್ ಎಂದು ತಾವೇ ಬರೆದಿದ್ದರು. ಮರುವರ್ಷ ಸಿಯಾಟಲ್ ಆ ಹೆಸರಿನಲ್ಲೇ ಅಂಗಳಕ್ಕಿಳಿಯಿತು.